ಓದುಗರ ಪ್ರಶ್ನೆ: ಪಾವಟೆಯವರು ಕುಲಪತಿಯಾಗಿದ್ದ ಕಾಲ

ಪ್ರಶ್ನೆ: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿಳಾಸದಲ್ಲಿ ‘ಪಾವಟೆ ನಗರ’ ಎಂದು ಬರೆಯುತ್ತಾರೆ. ಈ ಪಾವಟೆಯವರು 13 ವರ್ಷ ಕುಲಪತಿಯಾಗಿದ್ದರೆಂದು ಹಿರಿಯರು ಹೇಳುತ್ತಾರೆ. ಈಗಿನ ಕುಲಪತಿಗಳಿಗೆ ನಾಲ್ಕೇ ವರ್ಷದ ಅವಧಿ. ಅಷ್ಟು ದೀರ್ಘ ಕಾಲ ಒಬ್ಬರೇ ಇದ್ದುದರಿಂದ ಆದ ಲಾಭವೇನು?
– ಓದುಗರು, ಹಾನಗಲ್ಲ

ಉತ್ತರ: ದಾದಪ್ಪ ಚಿಂತಪ್ಪ ಪಾವಟೆಯವರು 1899ರಲ್ಲಿ ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಹುಟ್ಟಿದರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್‌ಗೆ ಹೋಗಿ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದು ರ‍್ಯಾಂಗ್ಲರ್ ಎನಿಸಿಕೊಂಡರು. ಮುಂದೆ ಬನಾರಸ್ಸಿನಲ್ಲಿ ಗಣಿತ ಕಲಿಸಿ, ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯನ್ನು ಸೇರಿ, ಅಲ್ಲಿ ನಿರ್ದೇಶಕರ ಹುದ್ದೆಯವರೆಗೂ ಏರಿದರು. ನಮ್ಮ ದೃಷ್ಟಿಯಲ್ಲಿ ಅವರ ರ‍್ಯಾಂಗ್ಲರ್ ಬಿರುದಿಗಿಂತ ಈ ಇಲಾಖೆಯ ಅನುಭವವೇ ವಿಶ್ವವಿದ್ಯಾಲಯಕ್ಕೆ ಹೆಚ್ಚು ಒದಗಿಬಂದಿತು, ಏಕೆಂದರೆ ಸರಕಾರದ ಕಡತ ಎಲ್ಲಿ ನಿಲ್ಲುತ್ತದೆ, ಯಾರಿಂದ ಮುಂದೆ ಸಾಗುತ್ತದೆ ಎಂಬುದನ್ನು ಅವರು ಒಳಗಿನಿಂದಲೇ ಬಲ್ಲವರಾಗಿದ್ದರು.

1954ರಲ್ಲಿ ಅವರು ಕುಲಪತಿಯಾದಾಗ ವಿಶ್ವವಿದ್ಯಾಲಯಕ್ಕೆ ಇನ್ನೂ ಐದು ವರ್ಷ. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಗಿ, ಮರುವರ್ಷ ಧಾರವಾಡಕ್ಕೆ ಬಂದಿದ್ದ ಸಂಸ್ಥೆಯದು. ಎರಡು ವರ್ಷ ಕಳೆಯುವುದರೊಳಗೆ ರಾಜ್ಯ ಏಕೀಕರಣವಾಗಿ, ಅದುವರೆಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಅಧೀನದಲ್ಲಿದ್ದ ಕಲಬುರ್ಗಿ, ಬೀದರ, ರಾಯಚೂರು ಭಾಗದ ಕಾಲೇಜುಗಳೂ ಧಾರವಾಡದ ವ್ಯಾಪ್ತಿಗೆ ಬಂದವು. ಎರಡು ಬೇರೆ ಆಡಳಿತಗಳಲ್ಲಿ ಬೆಳೆದ ಕಾಲೇಜುಗಳನ್ನು ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆಯ ಅಡಿಯಲ್ಲಿ ತರುವುದು ನಾಲ್ಕು ವರ್ಷದಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಕೂಡ ಇದೇ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಯಿತು. ಸರಕಾರ 1939ರಲ್ಲಿ ತೆರೆದಿದ್ದ ಕನ್ನಡ ಸಂಶೋಧನ ಸಂಸ್ಥೆ ವಿಶ್ವವಿದ್ಯಾಲಯದ ಅಂಗವಾದದ್ದೂ, ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಆವರಣ ರೂಪುಗೊಂಡದ್ದೂ ಅವರ ಅವಧಿಯಲ್ಲಿಯೇ. ಇಂದು ಕೆಲವೇ ಜಿಲ್ಲೆಗಳಿಗೆ ಸೀಮಿತವಾಗಿರುವ ವಿಶ್ವವಿದ್ಯಾಲಯವನ್ನು ಕಂಡವರಿಗೆ ಆಗಿನ ಹರವು ಸುಲಭವಾಗಿ ಊಹೆಗೆ ಸಿಗಲಾರದು.

ಹಾಗೆಂದು ದೀರ್ಘ ಅವಧಿ ತಾನೇ ಒಂದು ಗುಣವೆಂದು ನಾವು ಹೇಳುವುದಿಲ್ಲ. ಒಬ್ಬರೇ ಬಹುಕಾಲ ಕುಳಿತ ಕುರ್ಚಿಯ ಎದುರು ಭಿನ್ನಾಭಿಪ್ರಾಯ ಹೇಳುವವರು ಕಡಿಮೆಯಾಗುತ್ತಾರೆ. ಸಂಸ್ಥೆ ಕಟ್ಟುವ ಹಂತದಲ್ಲಿ ಒಪ್ಪುವ ಈ ವ್ಯವಸ್ಥೆ, ಕಟ್ಟಿ ಮುಗಿದ ಸಂಸ್ಥೆಗೂ ಒಪ್ಪಬೇಕೆಂದಿಲ್ಲ.

ಪ್ರಶ್ನೆ: ಆ ಬಳಿಕ ಅವರು ರಾಜ್ಯಪಾಲರಾದರಲ್ಲವೆ?
– ಇನ್ನೊಬ್ಬ ಓದುಗರು, ಗದಗ

ಉತ್ತರ: ಹೌದು. ಪದ್ಮಭೂಷಣ ಬಂದ 1967ರಲ್ಲಿಯೇ ಪಂಜಾಬಿನ ರಾಜ್ಯಪಾಲರಾಗಿ, 1973ರವರೆಗೆ ಅಲ್ಲಿದ್ದರು. 1968ರ ಮಾರ್ಚ್‌ನಲ್ಲಿ ಬಜೆಟ್ ಇನ್ನೂ ಅಂಗೀಕಾರವಾಗದಿರುವಾಗಲೇ ಸಭಾಧ್ಯಕ್ಷರು ವಿಧಾನಸಭೆಯನ್ನು ಎರಡು ತಿಂಗಳು ಮುಂದೂಡಿದರು. ಪಾವಟೆಯವರು ಅಧಿವೇಶನವನ್ನು ಮುಕ್ತಾಯಗೊಳಿಸಿ, ಹಣಕಾಸಿನ ಕಲಾಪಕ್ಕೆ ತಡೆಯಾಗದಂತೆ ಸುಗ್ರೀವಾಜ್ಞೆ ಹೊರಡಿಸಿ, ಸದನವನ್ನು ಮತ್ತೆ ಕರೆದರು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಕೊನೆಗೆ ಸುಪ್ರೀಂ ಕೋರ್ಟ್ ರಾಜ್ಯಪಾಲರ ಕ್ರಮವನ್ನೇ ಎತ್ತಿಹಿಡಿಯಿತು.