ಮೊಟ್ಟೆಯೊಳಗೆ ಔಷಧದ ಪರೀಕ್ಷೆ

ಪ್ರಶ್ನೆ: ಕ್ಯಾನ್ಸರ್ ಗಡ್ಡೆಗೆ ರಕ್ತನಾಳ ಬೆಳೆಯದಂತೆ ತಡೆಯುವ ಔಷಧಗಳನ್ನು ಕೋಳಿಮೊಟ್ಟೆಯಲ್ಲಿ ಪರೀಕ್ಷಿಸುತ್ತಾರಂತೆ. ಹೇಗೆ? ಅಲ್ಲಿ ಫಲಿಸಿದ ಔಷಧ ಮನುಷ್ಯರಲ್ಲೂ ಫಲಿಸುವುದೇ?

ಉತ್ತರ: ನೀವು ಕೇಳಿದ್ದು ನಿಜ, ಆದರೆ ಅದು ಮರಿಯಾಗಬಲ್ಲ ಮೊಟ್ಟೆಯಾಗಿರಬೇಕು, ಅಂಗಡಿಯ ಮೊಟ್ಟೆ ಸಾಮಾನ್ಯವಾಗಿ ಕೆಲಸಕ್ಕೆ ಬಾರದು. ಅದನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟು, ಚಿಪ್ಪಿನಲ್ಲಿ ಸಣ್ಣ ಕಿಟಕಿ ತೆರೆದು, ಭ್ರೂಣದ ಉಸಿರಾಟಕ್ಕೆ ನೆರವಾಗುವ ಹೊರಪೊರೆಯ ಮೇಲೆ ಎಂಟು–ಹತ್ತನೆಯ ದಿನದ ಹೊತ್ತಿಗೆ ಔಷಧ ಸವರಿದ ಪುಟ್ಟ ಬಿಲ್ಲೆಯನ್ನು ಇಡುತ್ತಾರೆ. ಎರಡು ಮೂರು ದಿನಗಳ ಬಳಿಕ, ಔಷಧವಿಲ್ಲದ ಬಿಲ್ಲೆಯಿಟ್ಟ ಮೊಟ್ಟೆಯೊಂದಿಗೆ ಹೋಲಿಸಿ, ಬಿಲ್ಲೆಯ ಸುತ್ತಲಿನ ಕೆಂಪು ಕವಲುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಚಿಪ್ಪಿನ ಪುಡಿ ಪೊರೆಯ ಮೇಲೆ ಉದುರಿದರೂ ಸಾಕು, ಉರಿಯೂತ ಉಂಟಾಗಿ ಹೊಸ ನಾಳಗಳು ಚಿಗುರಿ ಲೆಕ್ಕವೆಲ್ಲ ಕೆಡುತ್ತದೆ; ಆದ್ದರಿಂದ ಒಂದೆರಡು ಮೊಟ್ಟೆಗಳ ಫಲಿತಾಂಶವನ್ನು ಯಾರೂ ನೆಚ್ಚಬಾರದು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಫಲಿಸಲೇಬೇಕೆಂದಿಲ್ಲ. ಗಡ್ಡೆಯ ಬೆಳವಣಿಗೆಗೆ ಹೊಸ ನಾಳಗಳು ಬೇಕೆಂದು ಅಮೆರಿಕದ ಶಸ್ತ್ರವೈದ್ಯ ಜುಡಾ ಫೋಕ್‌ಮನ್ 1971ರಲ್ಲಿ ವಾದಿಸಿದರೂ, ಈ ಬಗೆಯ ಔಷಧವಾದ ಬೆವಾಸಿಜುಮಾಬ್‌ಗೆ ಅಲ್ಲಿ ಅನುಮತಿ ದೊರೆತದ್ದು 2004ರಲ್ಲಿ, ದೊಡ್ಡ ಕರುಳಿನ ಕ್ಯಾನ್ಸರಿಗೆ, ಅದೂ ಕಿಮೋಥೆರಪಿಯ ಜೊತೆಗೆ. ನಾಳ ಬೆಳೆಸುವ ಮಾನವ ಪ್ರೋಟೀನನ್ನು ಹಿಡಿದುಕೊಳ್ಳುವ ಈ ಔಷಧ, ಇಲಿಯ ಅದೇ ಪ್ರೋಟೀನನ್ನು ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಮಾನವ ಗಡ್ಡೆಯನ್ನು ನಾಟಿದ ಇಲಿಗಳಲ್ಲಿ ಅದನ್ನು ಪರೀಕ್ಷಿಸಬೇಕಾಯಿತು.