ವಿಂಡೋಸ್ ಬದಲಾದ ಮೇಲೆ ಪರದೆ ಹಾಳಾದರೆ ಮಾನಿಟರನ್ನು ದೂರಬೇಡಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದಾಗಿನಿಂದ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರಗಳ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇದ್ದಾರೆ. ಹೊಸ ವಿಂಡೋಸ್ ಹಾಕಿಸಿದ ಮರುದಿನ ಪರದೆ ವಿಚಿತ್ರವಾಗಿ ಕಾಣುತ್ತದೆ, ಅಂಗಡಿಯವರು ಮಾನಿಟರ್ ಹೋಗಿದೆ ಎನ್ನುತ್ತಾರೆ, ಮನೆಯವರು ನಂಬುತ್ತಾರೆ. ಆದ್ದರಿಂದ ಈ ಸಲದ ಜಾಗವನ್ನು ಬಹುಪಾಲು ಈ ಒಂದು ಪ್ರಶ್ನೆಗೇ ಕೊಡುತ್ತಿದ್ದೇನೆ. ಸೆಟ್ಟಿಂಗ್ಸ್ ತೆರೆಯುವುದು ಹೇಗೆ ಎಂಬಂಥವನ್ನು ಇಲ್ಲಿ ವಿವರಿಸುವುದಿಲ್ಲ.

ಪ್ರಶ್ನೆ: ತೋಟದ ಲೆಕ್ಕಪತ್ರಕ್ಕೆ ಇಟ್ಟುಕೊಂಡಿರುವ ಹಳೆಯ ಕಂಪ್ಯೂಟರಿಗೆ ವಿಂಡೋಸ್ 11 ಹಾಕಿಸಿದೆವು. ಅಂದಿನಿಂದ ಅಕ್ಷರಗಳೆಲ್ಲ ಅಗಲವಾಗಿ, ಮಸುಕಾಗಿ ಕಾಣುತ್ತಿವೆ. ರೆಸಲ್ಯೂಷನ್ (ಪರದೆಯ ಚುಕ್ಕಿಗಳ ಅಳತೆ) 1024×768 ಎಂದಿದೆ, ಬದಲಿಸಲು ಬರುವುದಿಲ್ಲ. ಹೊಸ ಮಾನಿಟರ್ ಕೊಳ್ಳಬೇಕೆಂದು ಅಂಗಡಿಯವರು ಹೇಳಿದ್ದಾರೆ. ಕೊಳ್ಳಲೇ? (ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ಉತ್ತರ: ಕೊಳ್ಳಬೇಡಿ. ಮೊದಲು ಮಾನಿಟರಿನ ಅಂಚಿನಲ್ಲಿರುವ ಮೆನು ಗುಂಡಿಯನ್ನು ಒತ್ತಿ ನೋಡಿ. ಆಗ ಮೂಡುವ ಪಟ್ಟಿಯನ್ನು ಬರೆಯುವುದು ಕಂಪ್ಯೂಟರ್ ಅಲ್ಲ, ಸ್ವತಃ ಮಾನಿಟರ್. ಆ ಪಟ್ಟಿಯ ಅಕ್ಷರಗಳು ಸ್ಪಷ್ಟವಾಗಿದ್ದು, ಹಿಂದಿನ ವಿಂಡೋಸ್ ಚಿತ್ರ ಮಾತ್ರ ಮಸುಕಾಗಿದ್ದರೆ ಪರದೆಯಲ್ಲಿ ದೋಷವಿಲ್ಲ. ಅರ್ಧ ನಿಮಿಷದ ಈ ಪರೀಕ್ಷೆಯನ್ನೂ ಮಾಡದೆ ಗಿರಾಕಿಗೆ ಹೊಸ ಮಾನಿಟರ್ ಹೊರಿಸುವವರನ್ನು ನಾನು ರಿಪೇರಿಯವರೆಂದು ಕರೆಯಲಾರೆ.

ಅಕ್ಷರ ಅಗಲವಾಗುವುದಕ್ಕೆ ಕಾರಣ ಸರಳವಾಗಿದೆ. ನಿಮ್ಮದು ಅಗಲ ಪರದೆಯ ಮಾನಿಟರ್ ಆಗಿದ್ದರೆ ಅದರ ಸಹಜ ಅಳತೆ 1366×768 ಅಥವಾ 1600×900ರಂತಹ ಯಾವುದೋ ಒಂದು ಇರುತ್ತದೆ. 1024×768 ಎಂಬುದು ನಾಲ್ಕಕ್ಕೆ ಮೂರರ ಹಳೆಯ ಅನುಪಾತ. ಆ ಚಿತ್ರವನ್ನು ಹದಿನಾರಕ್ಕೆ ಒಂಬತ್ತರ ಪರದೆಯ ಮೇಲೆ ಎಳೆದು ಹರಡಿದಾಗ ಅಕ್ಷರ ಅಡ್ಡಕ್ಕೆ ಹಿಗ್ಗುತ್ತದೆ, ಅಂಚುಗಳು ಕರಗುತ್ತವೆ. ವಿಂಡೋಸ್ ಈ ಅಳತೆಗೆ ಏಕೆ ಅಂಟಿಕೊಂಡಿದೆ ಎಂಬುದೇ ಈಗ ಕೇಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರ, ಕಂಪ್ಯೂಟರಿನ ಭಾಗಗಳನ್ನೆಲ್ಲ ಪಟ್ಟಿಮಾಡಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿದೆ.

ಅಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಎಂಬುದರ ಕೆಳಗೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ, ಪರದೆಯ ಚಿತ್ರ ರಚಿಸುವ ನಿಮ್ಮ ಗ್ರಾಫಿಕ್ಸ್ ಚಿಪ್‌ಗೆ ತಕ್ಕ ಡ್ರೈವರ್ (ಆ ಚಿಪ್ಪನ್ನು ನಡೆಸಲು ವಿಂಡೋಸ್‌ಗೆ ಬೇಕಾದ ತಂತ್ರಾಂಶ) ಇಲ್ಲದೆ ವಿಂಡೋಸ್ ತನ್ನಲ್ಲಿರುವ ಸಾಮಾನ್ಯ ಡ್ರೈವರಿನಿಂದ ಕೆಲಸ ಸಾಗಿಸುತ್ತಿದೆ ಎಂದರ್ಥ. ಹಳೆಯ ಯಂತ್ರಗಳಲ್ಲಿ ಇದು ಅನಿರೀಕ್ಷಿತವೇನಲ್ಲ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನಲ್ಲಿ ಬಹುಮಟ್ಟಿಗೆ ಎಂಟನೇ ಪೀಳಿಗೆ ಮತ್ತು ಅನಂತರದ ಪ್ರೊಸೆಸರ್‌ಗಳನ್ನು. ಗ್ರಾಫಿಕ್ಸ್ ಕೂಡ ಡೈರೆಕ್ಟ್‌ಎಕ್ಸ್ 12 ಎಂಬ ಮೈಕ್ರೋಸಾಫ್ಟ್ ಚಿತ್ರಣ ವ್ಯವಸ್ಥೆಗೆ ಹೊಂದಬೇಕೆಂಬ ನಿಯಮವಿದೆ. ಎರಡನೇ, ಮೂರನೇ ಪೀಳಿಗೆಯ ಕಂಪ್ಯೂಟರ್‌ಗಳಲ್ಲಿ ಅಂಗಡಿಯವರು ಈ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ ತೂರಿಸುತ್ತಾರೆ. ತೂರಿಸಿದ್ದನ್ನು ನಿಮಗೆ ಹೇಳುವುದಿಲ್ಲ.

ಪರಿಹಾರ ಹುಡುಕಲು ಮೊದಲು ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿರುವ ಆಪ್ಷನಲ್ ಅಪ್‌ಡೇಟ್ಸ್ ಒಳಗೆ ಡ್ರೈವರ್‌ಗಳ ಪಟ್ಟಿ ನೋಡಿ. ಅಲ್ಲಿ ಸಿಗದಿದ್ದರೆ ಕಂಪ್ಯೂಟರ್ ತಯಾರಕರ ಜಾಲತಾಣದಿಂದ ನಿಮ್ಮ ಮಾಡೆಲ್ಲಿನ ವಿಂಡೋಸ್ 10ರ 64 ಬಿಟ್ ಡ್ರೈವರನ್ನು ಇಳಿಸಿಕೊಂಡು ಹಾಕಿ. ಸಾಮಾನ್ಯವಾಗಿ ಅದು ವಿಂಡೋಸ್ 11ರಲ್ಲಿಯೂ ನಡೆಯುತ್ತದೆ. ವಿಂಡೋಸ್ 11ಕ್ಕೆ 32 ಬಿಟ್ ರೂಪವೇ ಇಲ್ಲದಿರುವುದರಿಂದ, ಕಂಪ್ಯೂಟರ್ ಕೊಂಡಾಗ ಬಂದ ಸಿಡಿಯಲ್ಲಿ 32 ಬಿಟ್ ಡ್ರೈವರ್ ಮಾತ್ರ ಇದ್ದರೆ ಅದನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿ. ಎಲ್ಲ ಡ್ರೈವರ್‌ಗಳನ್ನೂ ಒಂದೇ ಕ್ಲಿಕ್ಕಿನಲ್ಲಿ ಸರಿಪಡಿಸುತ್ತೇವೆಂದು ಜಾಹೀರಾತು ಕೊಡುವ ತಂತ್ರಾಂಶಗಳನ್ನಂತೂ ಮುಟ್ಟಲೇಬೇಡಿ. ಇಲ್ಲದ ದೋಷಗಳನ್ನು ಕೆಂಪಕ್ಷರದಲ್ಲಿ ಪಟ್ಟಿಮಾಡಿ ಹಣ ಕೇಳುವುದೇ ಅವುಗಳಲ್ಲಿ ಬಹುಪಾಲಿನ ಕಸುಬು.

ಅಡಾಪ್ಟರಿನ ಹೆಸರು ಸರಿಯಾಗಿದ್ದೂ ಮಾನಿಟರ್ಸ್ ಎಂಬಲ್ಲಿ ‘ಜೆನೆರಿಕ್ ನಾನ್ ಪಿಎನ್‌ಪಿ ಮಾನಿಟರ್’ (ತನ್ನ ಗುರುತು ತಿಳಿಸದ ಮಾನಿಟರ್) ಎಂದಿದ್ದರೆ ವಿಷಯ ಬೇರೆ, ಆಗ ಕೇಬಲ್ಲನ್ನು ನೋಡಬೇಕು. ಮಾನಿಟರ್ ತನ್ನ ಸಾಮರ್ಥ್ಯದ ವಿವರವನ್ನು ಇಡಿಐಡಿ ಎಂಬ ಸಣ್ಣ ದಾಖಲೆಯಾಗಿ ಕಂಪ್ಯೂಟರಿಗೆ ಕಳುಹಿಸುತ್ತದೆ. ಹಳೆಯ ಬಗೆಯ ವಿಜಿಎ ಕೇಬಲ್ಲಿನಲ್ಲಿ ಅದು ಸಾಗುವುದು 12 ಮತ್ತು 15ನೇ ಪಿನ್‌ಗಳ ಮೂಲಕ. ಆ ಎರಡರಲ್ಲಿ ಒಂದು ಬಾಗಿದರೂ, ತುಕ್ಕು ಹಿಡಿದರೂ ಬಣ್ಣಗಳು ಚೆನ್ನಾಗಿಯೇ ಬರುತ್ತವೆ, ಅಳತೆಯ ಮಾಹಿತಿ ಮಾತ್ರ ಬರುವುದಿಲ್ಲ. ಅದೇ ಕೇಬಲ್ ಹಿಂದಿನ ವಾರದವರೆಗೆ ಸರಿಯಿತ್ತಲ್ಲ ಎಂದು ವಾದಿಸುವವರಿದ್ದಾರೆ. ಹಳೆಯ ವಿಂಡೋಸ್ ಹಿಂದೆಂದೋ ಉಳಿಸಿಟ್ಟುಕೊಂಡ ಅಳತೆಯಲ್ಲಿಯೇ ನಡೆಯುತ್ತಿದ್ದಿರಬಹುದು. ಹೊಸದು ಬಂದು ಮಾನಿಟರನ್ನು ಮತ್ತೆ ವಿಚಾರಿಸಿದಾಗ ಉತ್ತರ ಸಿಗದೆ ಕೇಬಲ್ಲಿನ ದೋಷ ಬಯಲಾಯಿತು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಗೋಡೆಗೆ ಒತ್ತಿಕೊಂಡಿರುವ ಕನೆಕ್ಟರ್‌ಗಳ ಮೇಲೆ ಹಸಿರು ಕಿಲುಬು ಕೂರುವುದು ಹೊಸ ಸಂಗತಿಯೇನಲ್ಲ. ವಿದ್ಯುತ್ ಪೂರ್ತಿ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬ್ರಷ್ಷಿನಿಂದ ಒರೆಸಿ, ಒಣಗಿದ ಮೇಲೆ ಜೋಡಿಸಿ. ಕೊಬ್ಬರಿ ಎಣ್ಣೆ ಹಚ್ಚಿದವರೂ ಇದ್ದಾರೆ, ಅದು ಧೂಳನ್ನು ಹಿಡಿದಿಡುವುದಕ್ಕಷ್ಟೇ ಒಳ್ಳೆಯದು. 9ನೇ ಪಿನ್ ಎಷ್ಟೋ ಕೇಬಲ್ಲುಗಳಲ್ಲಿ ಹುಟ್ಟಿನಿಂದಲೇ ಇರುವುದಿಲ್ಲವಾದ್ದರಿಂದ ಅದಕ್ಕಾಗಿ ಯಾರೊಡನೆಯೂ ಜಗಳವಾಡಬೇಡಿ. ಸಂದೇಹ ಉಳಿದರೆ ನೆರೆಮನೆಯ ಕೇಬಲ್ ತಂದು ಪರೀಕ್ಷಿಸಿ. ಮಾನಿಟರಿನಲ್ಲಿ ಹೊಸ ಬಗೆಯ ಎಚ್‌ಡಿಎಂಐ ಕಿಂಡಿ ಇದ್ದೂ ವಿಜಿಎಗೆ ಅಂಟಿಕೊಂಡವರಿಗೆ ನಾನು ಹೇಳುವುದೇನೂ ಇಲ್ಲ.

ಇಷ್ಟಕ್ಕೂ ಬಗೆಹರಿಯದಿದ್ದರೆ, ಹಳೆಯದರ ಮೇಲೆಯೇ ಅಪ್‌ಗ್ರೇಡ್ ಮಾಡಿದ್ದು ಹತ್ತು ದಿನ ಕಳೆದಿಲ್ಲವಾದರೆ, ಸಿಸ್ಟಮ್ ಭಾಗದ ರಿಕವರಿಯಲ್ಲಿ ‘ಗೋ ಬ್ಯಾಕ್’ ಇರುತ್ತದೆ. ನನ್ನ ಅಭಿಪ್ರಾಯ ಕೇಳುವುದಾದರೆ, ವಿಂಡೋಸ್ 11 ಅಧಿಕೃತವಾಗಿ ಒಪ್ಪದ ಯಂತ್ರಕ್ಕೆ ಅದೇ ಒಳ್ಳೆಯ ದಾರಿ. ಮನೆಬಳಕೆಯ ವಿಂಡೋಸ್ 10ಕ್ಕಿರುವ ಹೆಚ್ಚುವರಿ ಭದ್ರತಾ ಯೋಜನೆಗೆ ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್‌ಗಳು ಸಿಗುತ್ತವೆ, ಅಷ್ಟರೊಳಗೆ ಬೇರೆ ವ್ಯವಸ್ಥೆ ಯೋಚಿಸಬಹುದು. ಫಾರ್ಮ್ಯಾಟ್ ಮಾಡಿಸುವುದು ಮಾತ್ರ ಬೇಡ. ಡ್ರೈವರ್ ಇಲ್ಲದ್ದೇ ರೋಗವಾಗಿರುವಾಗ ಫಾರ್ಮ್ಯಾಟ್ ಮಾಡಿದರೆ ಇದ್ದಬದ್ದ ಡ್ರೈವರ್‌ಗಳೂ ಹೋಗುತ್ತವೆ, ಜೊತೆಗೆ ಅಡಿಕೆ ಲೆಕ್ಕವೂ ಹೋಗುತ್ತದೆ. ಎಲ್ಲ ದೂರಿಗೂ ಫಾರ್ಮ್ಯಾಟ್ ಬರೆದುಕೊಡುವವರು ಎಲ್ಲ ಜ್ವರಕ್ಕೂ ಒಂದೇ ಕಷಾಯ ಕೊಡುವ ನಾಟಿ ವೈದ್ಯರಿದ್ದಂತೆ.

ಪ್ರಶ್ನೆ: ಅಪ್‌ಗ್ರೇಡ್ ಆದ ಮೇಲೆ ಕಂಪನಿಯ ಲೋಗೋ ಬರುತ್ತದೆ, ಅನಂತರ ಪರದೆ ಕಪ್ಪಾಗುತ್ತದೆ. (ಸಾಗರ)

ಉತ್ತರ: ಲೋಗೋ ಬರುತ್ತಿರುವುದರಿಂದ ಮಾನಿಟರೂ ಕೇಬಲ್ಲೂ ಬದುಕಿವೆ. ವಿಂಡೋಸ್ ಕೀಲಿಯೊಡನೆ ಕಂಟ್ರೋಲ್, ಶಿಫ್ಟ್, ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮತ್ತೆ ಆರಂಭವಾಗುತ್ತದೆ. ವಿಂಡೋಸ್ ಮತ್ತು ಪಿ ಒತ್ತಿದರೆ ಚಿತ್ರ ಇನ್ನೊಂದು, ಇಲ್ಲದ ಪರದೆಗೆ ಹೋಗುತ್ತಿದೆಯೇ ಎಂದು ತಿಳಿಯುತ್ತದೆ. ಎರಡೂ ಫಲಿಸದಿದ್ದರೆ ಲಾಗಿನ್ ಪರದೆಯಲ್ಲಿ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ಅದೂ ಕಾಣದಿದ್ದರೆ, ವಿಂಡೋಸ್ ಏಳುತ್ತಿರುವಾಗಲೇ ಪವರ್ ಗುಂಡಿಯಿಂದ ಎರಡು ಮೂರು ಬಾರಿ ನಿಲ್ಲಿಸಿದರೆ ರಿಕವರಿ ಪರದೆ ತಾನಾಗಿ ಬರುತ್ತದೆ. ಅಲ್ಲಿಂದ ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ 4 ಒತ್ತಿ ಸೇಫ್ ಮೋಡ್ (ಅತ್ಯಗತ್ಯ ಡ್ರೈವರ್‌ಗಳಿಂದಷ್ಟೇ ನಡೆಯುವ ಸ್ಥಿತಿ) ಸೇರಿ, ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವರನ್ನು ರೋಲ್ ಬ್ಯಾಕ್ ಮಾಡಿ, ಅಂದರೆ ಹಿಂದಿನದಕ್ಕೆ ಮರಳಿಸಿ. ಪರದೆಯ ಮೇಲೆ ‘ಔಟ್ ಆಫ್ ರೇಂಜ್’ (ಚಿತ್ರದ ಅಳತೆ ಮಾನಿಟರಿನ ಮಿತಿ ಮೀರಿದೆ) ಎಂದು ಬರುತ್ತಿರುವವರು 4ರ ಬದಲು 3 ಒತ್ತಿ, ಕಡಿಮೆ ರೆಸಲ್ಯೂಷನ್‌ನಲ್ಲಿ ಒಳಹೊಕ್ಕು ಅಳತೆ ಬದಲಿಸಲಿ.

ಪ್ರಶ್ನೆ: ಕನ್ನಡ ಕಡತಗಳೆಲ್ಲ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿವೆ. ಪರದೆಯ ದೋಷವೇ? (ಭದ್ರಾವತಿ)

ಉತ್ತರ: ಪರದೆಗೆ ಸಂಬಂಧವಿಲ್ಲ, ಹಳೆಯ ನುಡಿ ಫಾಂಟಿನಲ್ಲಿ ಬರೆದ, ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಕಡತಗಳವು, ನುಡಿಯನ್ನು ಮತ್ತೆ ಹಾಕಿಕೊಳ್ಳಿ. ವಿಂಡೋಸ್‌ನದೇ ಕನ್ನಡ ಫಾಂಟಾದ ತುಂಗಾ ಕಾಣೆಯಾಗಿದ್ದರೆ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಸೇರಿಸಿಕೊಳ್ಳಿ.

ಪ್ರಶ್ನೆ: ಸಂಜೆಯಾದರೆ ಪರದೆ ಹಳದಿಯಾಗುತ್ತದೆ. (ಶಿವಮೊಗ್ಗ)

ಉತ್ತರ: ಸೆಟ್ಟಿಂಗ್ಸ್‌ನಲ್ಲಿ ನೈಟ್ ಲೈಟ್ ಆಫ್ ಮಾಡಿ.

ಪ್ರಶ್ನೆ: ತೇವಕ್ಕೆ ಹೀಗಾಗಿರಬಹುದೆಂದು ಮಾನಿಟರನ್ನು ಬಿಚ್ಚಿ ಅಡಿಕೆ ಒಣಗಿಸುವ ಅಂಗಳದಲ್ಲಿ ಬಿಸಿಲಿಗೆ ಇಡಬಹುದೇ? (ಹೊಸನಗರ)

ಉತ್ತರ: ಇಡಬಾರದು, ಬಿಚ್ಚಲೂಬಾರದು. ಪ್ಲಗ್ ತೆಗೆದ ಮೇಲೆಯೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ, ಬಿಸಿಲು ಎಲ್‌ಸಿಡಿ ಪದರಗಳನ್ನು ಕೆಡಿಸುತ್ತದೆ. ನಿಮ್ಮ ಪತ್ರದಲ್ಲಿ ಡಿವೈಸ್ ಮ್ಯಾನೇಜರ್ ಏನನ್ನು ತೋರಿಸುತ್ತಿದೆ ಎಂಬುದರ ಸುಳಿವೇ ಇಲ್ಲ. ಅದನ್ನು ನೋಡಿ ಬರೆದರೆ ಉತ್ತರಿಸುತ್ತೇನೆ.