2023ರ ರೂಬೆ: ಬರೀ ಪಂಕ್ಚರ್ ಕಥೆಯಲ್ಲ
ಮ್ಯಾಥ್ಯೂ ವಾನ್ ಡರ್ ಪೂಲ್ ಗೆದ್ದ 2023ರ ಪ್ಯಾರಿಸ್-ರೂಬೆ ಸೈಕಲ್ ರೇಸಿನಲ್ಲಿ ಅವನ ಎದುರಾಳಿ ವೌಟ್ ವಾನ್ ಆರ್ಟ್‌ಗೆ ಪಂಕ್ಚರ್ ಆಗದಿದ್ದರೆ ವಾನ್ ಆರ್ಟ್ ಗೆಲ್ಲುತ್ತಿದ್ದನಾ ಅಂತ ಕೇಳಿದ್ದೀರಿ. ಹೇಳೋದು ಕಷ್ಟ. ಕಾರ್ಫೂರ್ ಡ ಲಾರ್ಬ್ರ್ ಅನ್ನೋ ಕಲ್ಲುಹಾಸಿನ ಹಾದಿಯಲ್ಲಿ, ಗುರಿಗೆ ಇನ್ನು ಸುಮಾರು 15 ಕಿ.ಮೀ. ಇದ್ದಾಗ ಹಿಂದಿನ ಚಕ್ರ ಕೈಕೊಟ್ಟಿತು, ಅಲ್ಲಿ ಟೀಮ್ ಕಾರು ತಕ್ಷಣ ಹತ್ತಿರ ಬರೋದೂ ಸುಲಭವಲ್ಲ. ಅದು ದುರದೃಷ್ಟವೇ.

ಆದರೆ ಅವನು ಒಂಟಿಯಾಗಿದ್ದದ್ದನ್ನೂ ನೋಡಿ. ಅವನ ತಂಡದ ಲಾಪೋರ್ಟ್‌ಗೆ ಮೊದಲೇ ಪಂಕ್ಚರ್, ಅದೇ ತಂಡದ, ಹಿಂದಿನ ವರ್ಷ ಈ ರೇಸ್ ಗೆದ್ದಿದ್ದ ವಾನ್ ಬಾರ್ಲ ಅರೆನ್‌ಬರ್ಗ್ ಕಾಡಿನ ಕಲ್ಲುಹಾದಿಯಲ್ಲಿ ಬಿದ್ದ. ವಾನ್ ಡರ್ ಪೂಲ್ ಜೊತೆಗಾದರೋ ಅವನದೇ ತಂಡದ ಸ್ಪ್ರಿಂಟರ್ (ಕೊನೆಯ ಓಟದಲ್ಲಿ ವೇಗದವ) ಫಿಲಿಪ್ಸನ್ ಇದ್ದ. ವಾನ್ ಡರ್ ಪೂಲ್ ಮುಂದೆ ಹೋದಾಗ ಹಿಂದೆ ಉಳಿದರೂ ಫಿಲಿಪ್ಸನ್ ಸುಮ್ನೆ ಬೇರೆಯವರ ಹಿಂಚಕ್ರಕ್ಕೆ ಅಂಟಿಕೊಂಡರೆ ಸಾಕು, ಮುಂದೆ ಗಾಳಿ ಸೀಳಿ ಎಳೆಯೋ ಕೆಲಸ ಬೇರೆಯವರದು. ಕೊನೆಗೆ ಫಿಲಿಪ್ಸನ್ನೇ ಎರಡನೆಯವನಾದ, ವಾನ್ ಆರ್ಟ್ ಮೂರನೆಯವ. ನನ್ನ ಪ್ರಕಾರ ಪಂಕ್ಚರ್ ಆಗದಿದ್ದರೂ ವಾನ್ ಡರ್ ಪೂಲ್ ಕಡೆಗೇ ಅವಕಾಶ ಸ್ವಲ್ಪ ಜಾಸ್ತಿ ಇತ್ತು.